ಕಾಟಾ ಹೇಳಿದ್ದೇನು, ಗಣಕ ಕೇಳಿದ್ದೇನು?

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸೀಮೆಯು ಕಬ್ಬಿಗೆ ಹೆಸರಾದುದು. ಉಗಾರದಲ್ಲಿ 1939ರಲ್ಲಿ ಸಕ್ಕರೆಯ ಕಂಪನಿಯೊಂದು ಸ್ಥಾಪಿತವಾಯಿತು. ಆ ಮೇಲೆ ಈ ಭಾಗದಲ್ಲಿ ಕಾರ್ಖಾನೆಗಳು ಒಂದೊಂದಾಗಿ ತಲೆಯೆತ್ತಿದವು. ಅವುಗಳಲ್ಲಿ ಹಲವು ಸಹಕಾರಿ ತತ್ತ್ವದ ಮೇಲೆ ನಿಂತವು. ನುರಿಸುವ ಹಂಗಾಮು ಬಂದಿತೆಂದರೆ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳೂ ಲಾರಿಗಳೂ ಎತ್ತಿನ ಬಂಡಿಗಳೂ ಕಾರ್ಖಾನೆಯ ಬಾಗಿಲಲ್ಲಿ ಸಾಲುಗಟ್ಟುತ್ತವೆ. ಅವೆಲ್ಲವೂ ಒಳಗೆ ಹೋಗುವ ಮುನ್ನ ಒಂದೆಡೆ ನಿಲ್ಲಲೇಬೇಕು. ಅದೇ ತೂಕದ ಕಾಟಾ.

ಕಾಟಾದ ಮೇಲೆ ಬಂಡಿಯು ನಿಲ್ಲುವುದು ಕೆಲವೇ ಕ್ಷಣ. ಆದರೆ ಹನ್ನೆರಡು ತಿಂಗಳು ನೀರು ಹಾಯಿಸಿ, ಗೊಬ್ಬರ ಹಾಕಿ, ಕೂಲಿ ಕೊಟ್ಟು ಬೆಳೆದ ಬೆಳೆಯು ಆ ಕ್ಷಣದಲ್ಲಿ ಒಂದು ಸಂಖ್ಯೆಯಾಗುತ್ತದೆ. ಆ ಸಂಖ್ಯೆಯೇ ಚೀಟಿಯಲ್ಲಿ ಅಚ್ಚಾಗುವುದು, ಅದರ ಮೇಲೆಯೇ ಹಣ ಬರುವುದು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರವು ಶೇಕಡಾ 10.25ರ ಸಕ್ಕರೆ ಇಳುವರಿಗೆ ಒಂದು ಕ್ವಿಂಟಲಿಗೆ 355 ರೂಪಾಯಿಗಳ ನ್ಯಾಯಸಮ್ಮತ ಬೆಲೆಯನ್ನು ಗೊತ್ತುಮಾಡಿತು. ತುಂಬಿದ ಬಂಡಿಯ ತೂಕ 24,860 ಕಿಲೋಗ್ರಾಂ, ಖಾಲಿ ಬಂಡಿಯ ತೂಕ 6,400 ಕಿಲೋಗ್ರಾಂ ಎಂದು ಭಾವಿಸೋಣ. ಕಬ್ಬಿನ ನಿವ್ವಳ ತೂಕ 18,460 ಕಿಲೋಗ್ರಾಂ, ಎಂದರೆ 184.60 ಕ್ವಿಂಟಲ್. ಅದರ ಬೆಲೆ ಆ ದರದಲ್ಲಿ 65,533 ರೂಪಾಯಿ.

ಹಿಂದೆ ಉದ್ದನೆಯ ತೊಲೆಯ ಮೇಲೆ ಗುಂಡನ್ನು ಸರಿಸಿ ತೂಕ ನೋಡುತ್ತಿದ್ದರು. ನೋಡುವವನು ಮನುಷ್ಯ, ಬರೆಯುವವನೂ ಮನುಷ್ಯ. ಇಂದು ಕಾಟಾ ತಾನೇ ತೂಕವನ್ನು ತಿಳಿದು ತಂತಿಯ ಮೂಲಕ ಗಣಕಯಂತ್ರಕ್ಕೆ ತಿಳಿಸುತ್ತದೆ. ಗಣಕಯಂತ್ರವು ಚೀಟಿಯನ್ನು ಅಚ್ಚುಮಾಡುತ್ತದೆ. ಇವೆರಡು ಯಂತ್ರಗಳ ನಡುವೆ ನಿಂತು ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಯಹೇಳುವ ದುಭಾಷಿ ಒಬ್ಬನಿದ್ದಾನೆ. ಅವನು ಮನುಷ್ಯನಲ್ಲ, ಒಂದು ಕ್ರಮವಿಧಿ. ಅದನ್ನು ಡಿವೈಸ್ ಡ್ರೈವರ್, ಎಂದರೆ ಸಾಧನವನ್ನು ನಡೆಸುವ ಚಾಲಕ ಕ್ರಮವಿಧಿ ಎನ್ನುತ್ತಾರೆ. ಕಾಟಾದ ಭಾಷೆಯ ವ್ಯಾಕರಣವನ್ನು ಬರೆದಿಟ್ಟ ಕೈಪಿಡಿಯಲ್ಲಿಯೇ ಎರಡು ಅರ್ಥಗಳಿಗೆ ಎಡೆಯಿದ್ದರೆ ಆ ದುಭಾಷಿಯು ಏನು ಮಾಡಬೇಕು? ಈ ಲೇಖನದ ವಿಷಯ ಇದೇ.

ಹಳೆಯ ಮಣದ ಪಾಠ

ಇಂಥ ತೊಡಕು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ನಮ್ಮ ಹಿರಿಯರು ಧಾನ್ಯವನ್ನೂ ಬೆಲ್ಲವನ್ನೂ ಮಣದ ಲೆಕ್ಕದಲ್ಲಿ ಮಾರುತ್ತಿದ್ದರು. ಆದರೆ ಮಣವೆಂದರೆ ಎಷ್ಟು? ಮುಂಬಯಿಯ ಮಣ 28 ಪೌಂಡು, ಮದರಾಸಿನ ಮಣ 25 ಪೌಂಡು, ಬಂಗಾಳದ ಮಣವಾದರೋ 82 ಪೌಂಡಿಗೂ ಮಿಗಿಲು. "ಹತ್ತು ಮಣ" ಎಂದು ಬರೆದ ಪತ್ರವೊಂದು ಊರಿಂದೂರಿಗೆ ಹೋದರೆ ಅಂಕಿಯಲ್ಲಿ ಏನೂ ತಪ್ಪಿಲ್ಲ, ಅಕ್ಷರವೊಂದೂ ಅಳಿಸಿಲ್ಲ; ಆದರೂ ಓದುವವನ ಮನಸ್ಸಿನಲ್ಲಿ ಮೂಡುವ ತೂಕ ಬೇರೆ. ಈ ಗೊಂದಲವನ್ನು ಕೊನೆಗಾಣಿಸಲೆಂದೇ ಭಾರತವು 1956ರಲ್ಲಿ ತೂಕ ಮತ್ತು ಅಳತೆಗಳ ಅಧಿನಿಯಮವನ್ನು ಮಾಡಿ, 1958ರ ಅಕ್ಟೋಬರಿನಿಂದ ಕಿಲೋಗ್ರಾಮಿನ ಪದ್ಧತಿಯನ್ನು ಹಂತಹಂತವಾಗಿ ಜಾರಿಗೆ ತಂದಿತು.

ಇದರಿಂದ ನಾವು ಕಲಿಯತಕ್ಕ ಪಾಠವೊಂದಿದೆ. ಸಂಖ್ಯೆಯು ಕ್ಷೇಮವಾಗಿ ತಲುಪುವುದು ಬೇರೆ, ಅದರ ಅರ್ಥವು ಕ್ಷೇಮವಾಗಿ ತಲುಪುವುದು ಬೇರೆ. ಮೊದಲನೆಯದು ತಂತಿಯ ಕೆಲಸ. ಎರಡನೆಯದು ಕಳುಹಿಸುವವನೂ ಪಡೆಯುವವನೂ ಮೊದಲೇ ಮಾಡಿಕೊಂಡ ಒಪ್ಪಂದದ ಕೆಲಸ. ಆ ಒಪ್ಪಂದವನ್ನು ಸಂಪರ್ಕ ನಿಯಮಾವಳಿ ಎಂದು ಕರೆಯೋಣ.

ಉಕ್ಕಿನಿಂದ ಅಂಕಿಗೆ

ಕಾಟಾದ ವೇದಿಕೆಯ ಕೆಳಗೆ ಲೋಡ್ ಸೆಲ್ ಎಂಬ ಉಕ್ಕಿನ ತುಂಡುಗಳಿರುತ್ತವೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಸ್ವಲ್ಪವಾಗಿ ಕುಗ್ಗುತ್ತದೆ ಅಥವಾ ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳುವಾದ ಲೋಹದ ಎಳೆಯೂ ಅದರೊಡನೆ ಹಿಗ್ಗಿ ಕುಗ್ಗುವುದರಿಂದ ಎಳೆಯ ವಿದ್ಯುತ್ ರೋಧವು ಬದಲಾಗುತ್ತದೆ. ಈ ಎಳೆಗೆ ಸ್ಟ್ರೇನ್ ಗೇಜ್ ಎಂದು ಹೆಸರು. ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬಿಬ್ಬರು 1930ರ ದಶಕದ ಕೊನೆಯಲ್ಲಿ ಇದನ್ನು ಪ್ರತ್ಯೇಕವಾಗಿ ಕಂಡುಹಿಡಿದರು. ಇಂಥ ನಾಲ್ಕು ಎಳೆಗಳನ್ನು ಶಾಲೆಯ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಕಂಡಿರುವ ವೀಟ್‌ಸ್ಟನ್ ಸೇತುವೆಯ ರೀತಿಯಲ್ಲಿ ಜೋಡಿಸುತ್ತಾರೆ. 10 ವೋಲ್ಟಿನ ವಿದ್ಯುತ್ತನ್ನು ಕೊಟ್ಟರೆ, ಪೂರ್ಣ ಭಾರದಲ್ಲಿ ಸಾಮಾನ್ಯವಾಗಿ 20 ಮಿಲಿವೋಲ್ಟಿನಷ್ಟು ಅಲ್ಪ ವ್ಯತ್ಯಾಸ ಹೊರಬರುತ್ತದೆ. ಕಾಟಾದ ಕೋಣೆಯಲ್ಲಿರುವ ತೂಕಸೂಚಕವು ಈ ವ್ಯತ್ಯಾಸವನ್ನು ಅಂಕಿಯಾಗಿ ಮಾರ್ಪಡಿಸಿ ಕೆಂಪು ಅಕ್ಷರಗಳಲ್ಲಿ ತೋರಿಸುತ್ತದೆ. ಅದನ್ನೇ ತಂತಿಯ ಮೂಲಕ ಗಣಕಕ್ಕೂ ಕಳುಹಿಸುತ್ತದೆ.

ಈ ಬಗೆಯ ತಂತಿಯ ಸಂಪರ್ಕಕ್ಕೆ ಆರ್‌ಎಸ್-232 ಎಂಬ ಮಾನಕವು 1960ರಷ್ಟು ಹಿಂದೆಯೇ ಪ್ರಕಟವಾಯಿತು. ಅಕ್ಷರಗಳಿಗೂ ಅಂಕಿಗಳಿಗೂ ಸಂಕೇತಸಂಖ್ಯೆಗಳನ್ನು ಗೊತ್ತುಮಾಡಿದ ಆಸ್ಕಿ ಎಂಬ ಮಾನಕವು 1963ರಲ್ಲಿ ಬಂದಿತು. ಅದರ ಪ್ರಕಾರ '0' ಎಂಬ ಅಂಕಿಯ ಸಂಕೇತ 48, '1'ರದು 49, ಹೀಗೆ '9'ರದು 57. ಪ್ರತಿಯೊಂದು ಅಕ್ಷರವೂ ಬಿಟ್ ಎಂಬ ಸೊನ್ನೆ-ಒಂದುಗಳ ಸಾಲಾಗಿ ತಂತಿಯಲ್ಲಿ ಹರಿಯುತ್ತದೆ. ಸೆಕೆಂಡಿಗೆ 9,600 ಬಿಟ್‌ಗಳ ವೇಗದಲ್ಲಿ, ಒಂದು ಅಕ್ಷರಕ್ಕೆ 10 ಬಿಟ್‌ಗಳಂತೆ, ಸೆಕೆಂಡಿಗೆ 960 ಅಕ್ಷರಗಳು ಬರುತ್ತವೆ.

ಇಲ್ಲಿಯವರೆಗೆ ಎಲ್ಲವೂ ಸ್ಪಷ್ಟ. ತೊಡಕು ಆರಂಭವಾಗುವುದು ಇನ್ನು ಮುಂದೆ.

ಒಂದು ಸಾಲಿನ ನಿಯಮ, ಹತ್ತು ಪ್ರಶ್ನೆಗಳು

ತೂಕಸೂಚಕದ ಕೈಪಿಡಿಯಲ್ಲಿ ಇಷ್ಟೇ ಬರೆದಿದೆಯೆಂದು ಕಲ್ಪಿಸಿಕೊಳ್ಳೋಣ: ಚಿಹ್ನೆಯೊಂದರ ಬಳಿಕ ಆರು ಅಂಕಿಗಳಲ್ಲಿ ತೂಕವನ್ನು ನಿರಂತರವಾಗಿ ಕಳುಹಿಸಲಾಗುವುದು, ಪ್ರತಿ ಸಾಲಿನ ಕೊನೆಯಲ್ಲಿ ಸಾಲು ಮುಗಿದ ಸಂಕೇತವಿರುವುದು. ಓದುವಾಗ ಇದು ಪೂರ್ಣವಾದ ನಿಯಮದಂತೆಯೇ ತೋರುತ್ತದೆ. ತಂತಿಯಲ್ಲಿ "+024860" ಎಂದು ಬಂದಿತು. ಇದರ ಅರ್ಥವೇನು?

ಇದು ಕಿಲೋಗ್ರಾಮೋ, ಕ್ವಿಂಟಲಿನ ಹತ್ತನೆಯ ಒಂದು ಭಾಗವೋ? ದಶಾಂಶ ಬಿಂದುವನ್ನು ಪರದೆಯ ಮೇಲೆ ಮಾತ್ರ ತೋರಿಸಿ ತಂತಿಯಲ್ಲಿ ಬಿಟ್ಟುಬಿಡಲಾಗಿದೆಯೋ? ಇದು ಒಟ್ಟು ತೂಕವೋ, ಖಾಲಿ ಬಂಡಿಯ ತೂಕವನ್ನು ಕಳೆದ ನಿವ್ವಳ ತೂಕವೋ? ಬಂಡಿಯು ಇನ್ನೂ ಅಲುಗಾಡುತ್ತಿರುವಾಗಲೂ ಸಾಲುಗಳು ಬರುತ್ತವೆಯೋ, ಸ್ಥಿರವಾದ ಮೇಲೆ ಮಾತ್ರವೋ? ಕಾಟಾದ ಸಾಮರ್ಥ್ಯಕ್ಕೆ ಮೀರಿದ ಭಾರ ಬಿದ್ದರೆ ಏನನ್ನು ಕಳುಹಿಸುತ್ತದೆ? ಏನನ್ನೂ ಕಳುಹಿಸದಿದ್ದರೆ ತೂಕ ಸೊನ್ನೆಯೆಂದು ತಿಳಿಯಬೇಕೋ, ತಂತಿ ಕಿತ್ತಿದೆಯೆಂದು ತಿಳಿಯಬೇಕೋ? ಕೈಪಿಡಿಯು ಮೌನ.

ಈ ಪ್ರಶ್ನೆಗಳು ಬರಿಯ ಪಂಡಿತರ ಚರ್ಚೆಯಲ್ಲ. ಚಲನೆಯ ಪ್ರಶ್ನೆಯೊಂದನ್ನೇ ತೆಗೆದುಕೊಳ್ಳೋಣ. ಟ್ರೇಲರಿನ ಹಿಂದಿನ ಗಾಲಿಗಳು ವೇದಿಕೆಯ ಮೇಲೆ ಏರಿ ನಿಲ್ಲುವಷ್ಟರಲ್ಲಿ ತೂಕವು ಏರುತ್ತ ತೂಗಾಡುತ್ತ ಇರುತ್ತದೆ. ನಿರಂತರವಾಗಿ ಬರುವ ಸಾಲುಗಳಲ್ಲಿ ಚಾಲಕ ಕ್ರಮವಿಧಿಯು 23,940 ಎಂಬುದನ್ನು ಹಿಡಿದುಕೊಂಡಿತು, ನಿಜವಾದ ಸ್ಥಿರ ತೂಕ 24,860 ಎಂದಿರಲಿ. ವ್ಯತ್ಯಾಸ 920 ಕಿಲೋಗ್ರಾಂ. ಕ್ವಿಂಟಲಿಗೆ 355 ರೂಪಾಯಿಗಳಂತೆ 3,266 ರೂಪಾಯಿ. ಇಲ್ಲಿ ಕಾಟಾ ಸುಳ್ಳು ಹೇಳಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಕೈಪಿಡಿಯು ಹೇಳದೆ ಬಿಟ್ಟ ಒಂದು ಮಾತನ್ನು ಕ್ರಮವಿಧಿ ಬರೆದವನು ತನಗೆ ತೋಚಿದಂತೆ ತುಂಬಿಕೊಂಡನು, ಅಷ್ಟೆ. ಖಾಲಿ ಬಂಡಿಯ ತೂಕದಲ್ಲಿ ಇದೇ ತಪ್ಪಾದರೆ ನಷ್ಟವು ಕಾರ್ಖಾನೆಗೆ. ಸಂದಿಗ್ಧತೆಗೆ ಪಕ್ಷಪಾತವಿಲ್ಲ, ಆದರೆ ಅದರ ಹೊರೆಯನ್ನು ಹೊರಲಾರದವನಿಗೆ ಪೆಟ್ಟು ಹೆಚ್ಚು.

ಸೊನ್ನೆಯ ಸಾಕ್ಷಿ ಸಾಲದು

ಇನ್ನೊಂದು ಉದಾಹರಣೆ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸೀತು. ಆಸ್ಕಿ ಸಂಕೇತಕ್ಕೆ 7 ಬಿಟ್‌ಗಳು ಸಾಕು. ಎಂಟನೆಯದನ್ನು ಕೆಲವು ಸಾಧನಗಳು ತಪಾಸಣೆಗೆ ಬಳಸುತ್ತವೆ. ಒಂದುಗಳ ಎಣಿಕೆ ಬೆಸವಾಗಿದ್ದರೆ ಎಂಟನೆಯ ಬಿಟ್ ಒಂದಾಗುತ್ತದೆ, ಸಮವಾಗಿದ್ದರೆ ಸೊನ್ನೆಯಾಗುತ್ತದೆ. ಒಟ್ಟಿನಲ್ಲಿ ಒಂದುಗಳು ಯಾವಾಗಲೂ ಸಮಸಂಖ್ಯೆಯಲ್ಲಿರುತ್ತವೆ. ಇದಕ್ಕೆ ಸಮ ಪ್ಯಾರಿಟಿ ಎನ್ನುತ್ತಾರೆ. ಬೇರೆ ಸಾಧನಗಳು ಪ್ಯಾರಿಟಿಯಿಲ್ಲದೆ ಎಂಟೂ ಬಿಟ್‌ಗಳನ್ನು ಅಕ್ಷರಕ್ಕೇ ಬಳಸುತ್ತವೆ. ಎರಡೂ ಕ್ರಮಗಳಲ್ಲಿ ಆದಿ ಮತ್ತು ಅಂತ್ಯದ ಬಿಟ್‌ಗಳು ಸೇರಿ ಅಕ್ಷರಕ್ಕೆ 10 ಬಿಟ್‌ಗಳೇ ಆಗುವುದರಿಂದ ವೇಗದಲ್ಲಿ ಭೇದ ಕಾಣದು.

ಕಾಟಾ ಮೊದಲನೆಯ ಕ್ರಮದಲ್ಲಿ ಕಳುಹಿಸುತ್ತಿದೆ, ಗಣಕವು ಎರಡನೆಯ ಕ್ರಮದಲ್ಲಿ ಕೇಳುತ್ತಿದೆ ಎನ್ನೋಣ. '0'ರ ಸಂಕೇತ 48ರಲ್ಲಿ ಎರಡು ಒಂದುಗಳಿವೆ; ಆದುದರಿಂದ ಅದು 48 ಆಗಿಯೇ ತಲುಪುತ್ತದೆ. '1'ರ ಸಂಕೇತ 49ರಲ್ಲಿ ಮೂರು ಒಂದುಗಳಿವೆ. ಎಂಟನೆಯ ಬಿಟ್ ಸೇರಿ ಅದು 177 ಆಗಿಬಿಡುತ್ತದೆ. ಲೆಕ್ಕ ಹಾಕಿದರೆ 0, 3, 5, 6, 9 ಎಂಬ ಅಂಕಿಗಳು ಕೆಡದೆ ಬರುತ್ತವೆ. 1, 2, 4, 7, 8 ಎಂಬವು ಕೆಡುತ್ತವೆ. ಮೇಲೆ ಹೇಳಿದ ಕಲ್ಪಿತ ನಿಯಮದಲ್ಲಿ '+' ಚಿಹ್ನೆಯ ಸಂಕೇತ 43. ಸಾಲು ಮುಗಿದ ಸಂಕೇತ 10 ಎಂದಿದ್ದರೆ ಅವೆರಡೂ ಕೆಡುವುದಿಲ್ಲ.

ಈಗ ಕ್ರಮವಿಧಿ ಬರೆದವನು ಖಾಲಿ ಕಾಟಾದ ಮುಂದೆ ಕುಳಿತು ಪರೀಕ್ಷಿಸುತ್ತಾನೆ. "+000000" ಎಂದು ಅಚ್ಚುಕಟ್ಟಾಗಿ ಬರುತ್ತದೆ. ಕೆಲಸ ಮುಗಿಯಿತೆಂದು ಅವನು ಹೊರಡುತ್ತಾನೆ. ಮರುದಿನ ಮೊದಲನೆಯ ಬಂಡಿ ಬಂದಾಗ ಅರ್ಧ ಅಂಕಿಗಳು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಆತುರದಲ್ಲಿ "ಅರ್ಥವಾಗದ ಅಕ್ಷರಗಳನ್ನು ಬಿಟ್ಟುಬಿಡು" ಎಂದು ಒಂದು ಸಾಲನ್ನು ಕ್ರಮವಿಧಿಗೆ ಸೇರಿಸಿದನೆನ್ನಿ. ಆಗ 024860 ಎಂಬುದರಲ್ಲಿ ಉಳಿಯುವುದು 0, 6, 0 ಮಾತ್ರ. ಇಪ್ಪತ್ತೈದು ಟನ್ನಿನ ಬಂಡಿಯು ಅರವತ್ತು ಕಿಲೋಗ್ರಾಮಾಯಿತು! ಕೆಟ್ಟ ಅಕ್ಷರವನ್ನು ಕಂಡಾಗ ಇಡೀ ಸಾಲನ್ನೇ ತಿರಸ್ಕರಿಸಬೇಕೇ ಹೊರತು ಉಳಿದ ಚೂರುಗಳಿಂದ ಒಂದು ಸಂಖ್ಯೆಯನ್ನು ಕಟ್ಟಬಾರದು.

ಯಾವ ತುದಿ ಮೊದಲು?

ಕೆಲವು ಸಾಧನಗಳು ಅಂಕಿಗಳನ್ನು ಅಕ್ಷರಗಳಾಗಿ ಕಳುಹಿಸದೆ ಬೈಟುಗಳಾಗಿ, ಎಂದರೆ ಎಂಟೆಂಟು ಬಿಟ್‌ಗಳ ಕಟ್ಟುಗಳಾಗಿ ಕಳುಹಿಸುತ್ತವೆ. ಒಂದು ಬೈಟಿನಲ್ಲಿ 0ಯಿಂದ 255ರ ವರೆಗಿನ ಸಂಖ್ಯೆ ಹಿಡಿಯುತ್ತದೆ. ಅದಕ್ಕೂ ದೊಡ್ಡ ಸಂಖ್ಯೆಗೆ ಎರಡು ಬೈಟುಗಳು ಬೇಕು. 24,860ನ್ನು ಬರೆಯಲು 97 ಮತ್ತು 28 ಎಂಬ ಬೈಟುಗಳು. ಏಕೆಂದರೆ 97ನ್ನು 256ರಿಂದ ಗುಣಿಸಿ 28ನ್ನು ಕೂಡಿದರೆ 24,860 ಬರುತ್ತದೆ. ಆದರೆ ಮೊದಲು ಬರುವ ಬೈಟು ದೊಡ್ಡ ಸ್ಥಾನದ್ದೋ ಚಿಕ್ಕ ಸ್ಥಾನದ್ದೋ ಎಂದು ಕೈಪಿಡಿಯು ಹೇಳದಿದ್ದರೆ, ಅವನ್ನೇ ಹಿಂದುಮುಂದಾಗಿ ಓದಿ 28ನ್ನು 256ರಿಂದ ಗುಣಿಸಿ 97ನ್ನು ಕೂಡಿದವನಿಗೆ 7,265 ಸಿಗುತ್ತದೆ. ಈ ತಪ್ಪಿನ ಅಪಾಯವನ್ನು ಗಮನಿಸಿರಿ. 7,265 ಕಿಲೋಗ್ರಾಂ ಎಂಬುದು ಅಸಂಭವವಾದ ತೂಕವಲ್ಲ. ಖಾಲಿ ಟ್ರ್ಯಾಕ್ಟರು-ಟ್ರೇಲರುಗಳ ತೂಕ ಅಷ್ಟಿರಬಹುದು. ಸುಳ್ಳು ಸತ್ಯದ ವೇಷವನ್ನು ಧರಿಸಿದೆ.

ಬೈಟುಗಳ ಅನುಕ್ರಮದ ಈ ಜಗಳವನ್ನು ಕುರಿತು ಡ್ಯಾನಿ ಕೋಹೆನ್ ಎಂಬ ಗಣಕವಿಜ್ಞಾನಿಯು 1980ರಲ್ಲಿ ಒಂದು ಹಾಸ್ಯಗರ್ಭಿತ ಪ್ರಬಂಧವನ್ನು ಬರೆದನು. ಜೋನಾಥನ್ ಸ್ವಿಫ್ಟನ 'ಗಲಿವರನ ಯಾತ್ರೆಗಳು' ಎಂಬ ಕೃತಿಯಲ್ಲಿ ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೋ ಚಿಕ್ಕ ತುದಿಯಿಂದಲೋ ಎಂದು ಯುದ್ಧ ಮಾಡುವ ಜನರಿದ್ದಾರಷ್ಟೆ. ಆ ಎರಡು ಪಕ್ಷಗಳ ಹೆಸರುಗಳನ್ನೇ ಕೋಹೆನ್ ಬೈಟುಗಳ ಎರಡು ಕ್ರಮಗಳಿಗೆ ಇಟ್ಟನು. ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಎಂಬ ಆ ಹೆಸರುಗಳೇ ಇಂದಿಗೂ ನಡೆಯುತ್ತಿವೆ. ಎರಡರಲ್ಲಿ ಯಾವುದಾದರೂ ಸರಿಯೇ. ಇಬ್ಬರೂ ಒಂದನ್ನೇ ಒಪ್ಪಿರಬೇಕು ಎಂಬುದೇ ಅವನ ವಾದದ ತಿರುಳು.

ಕಾರ್ಖಾನೆಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಮೋಡ್‌ಬಸ್ ಎಂಬ ನಿಯಮಾವಳಿಯು ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ಮೋಡಿಕಾನ್ ಕಂಪನಿಯು 1979ರಲ್ಲಿ ಪ್ರಕಟಿಸಿತು. ವಿದ್ಯುತ್ ಮಾಪಕ, ಪಂಪು, ತೂಕಸೂಚಕ ಮುಂತಾದ ನೂರಾರು ಬಗೆಯ ಸಾಧನಗಳು ಇಂದು ಈ ಭಾಷೆಯನ್ನಾಡುತ್ತವೆ. ಅದರಲ್ಲಿ ಮಾಹಿತಿಯು ರಿಜಿಸ್ಟರ್ ಎಂಬ 16 ಬಿಟ್‌ಗಳ ಮನೆಗಳಲ್ಲಿರುತ್ತದೆ. ಒಂದು ಮನೆಯೊಳಗೆ ದೊಡ್ಡ ಸ್ಥಾನದ ಬೈಟು ಮೊದಲೆಂದು ನಿಯಮವು ಸ್ಪಷ್ಟವಾಗಿ ಹೇಳಿದೆ. ಆದರೆ ಎರಡು ಮನೆಗಳನ್ನು ಸೇರಿಸಿ 32 ಬಿಟ್‌ಗಳ ದೊಡ್ಡ ಸಂಖ್ಯೆಯನ್ನು ಮಾಡಿದಾಗ ಯಾವ ಮನೆ ಮೊದಲು ಎಂಬುದನ್ನು ನಿಯಮಾವಳಿಯು ಗೊತ್ತುಮಾಡಲಿಲ್ಲ. ಒಬ್ಬ ತಯಾರಕನು ಒಂದು ಕ್ರಮವನ್ನು ಹಿಡಿದರೆ ಇನ್ನೊಬ್ಬನು ಇನ್ನೊಂದನ್ನು ಹಿಡಿದನು. ಮನೆಗಳು ಅದಲುಬದಲಾದರೆ ನಮ್ಮ 24,860 ಎಂಬುದು 1,62,92,24,960 ಆಗುತ್ತದೆ. ನೂರ ಅರವತ್ತೆರಡು ಕೋಟಿಗೂ ಮಿಕ್ಕ ಕಿಲೋಗ್ರಾಮಿನ ಬಂಡಿಯನ್ನು ಯಾರೂ ನಂಬುವುದಿಲ್ಲವಾದುದರಿಂದ ಈ ತಪ್ಪು ಬೇಗನೆ ಸಿಕ್ಕಿಬೀಳುತ್ತದೆ. ಕೂಗಿ ಹೇಳುವ ತಪ್ಪು ಉಪಕಾರಿ, ಪಿಸುಗುಟ್ಟುವ ತಪ್ಪು ಅಪಾಯಕಾರಿ.

ಮನೆಗಳ ಎಣಿಕೆಯಲ್ಲಿಯೂ ತೊಡಕಿದೆ. ಹಲವು ಕೈಪಿಡಿಗಳು ಮೊದಲನೆಯ ಮನೆಯನ್ನು 40001 ಎಂದು ಕರೆಯುತ್ತವೆ. ತಂತಿಯ ಮೇಲೆ ಅದೇ ಮನೆಯ ವಿಳಾಸ 0. ಕೈಪಿಡಿಯ ಲೇಖಕನು ಒಂದರಿಂದ ಎಣಿಸಿದನೋ ಸೊನ್ನೆಯಿಂದಲೋ ತಿಳಿಯದಿದ್ದರೆ ಚಾಲಕ ಕ್ರಮವಿಧಿಯು ಪಕ್ಕದ ಮನೆಯ ಬಾಗಿಲನ್ನು ತಟ್ಟುತ್ತದೆ. ಪಕ್ಕದ ಮನೆಯಲ್ಲಿ ಬೇರೊಂದು ತೂಕವೇ ಇದ್ದರೆ ತಪ್ಪು ತಿಳಿಯುವುದೂ ಕಷ್ಟ.

ಕನಿಷ್ಠವೋ ಗರಿಷ್ಠವೋ?

ಅಂಕಿಗಳಲ್ಲಿ ಮಾತ್ರವಲ್ಲ, ಕಾಲದ ವಿಷಯದಲ್ಲಿಯೂ ಸಂದಿಗ್ಧತೆಯುಂಟು. ಇದಕ್ಕೆ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿರುವ ಯುಎಸ್‌ಬಿ ಸಂಪರ್ಕದಲ್ಲಿಯೇ ನಿದರ್ಶನವಿದೆ. ಕೀಲಿಮಣೆ ಮುಂತಾದ ಯುಎಸ್‌ಬಿ ಸಾಧನಗಳು ಕೆಲಸವಿಲ್ಲದಾಗ ವಿದ್ಯುತ್ತನ್ನು ಉಳಿಸಲು ನಿದ್ರಿಸುತ್ತವೆ. ಅವನ್ನು ಎಬ್ಬಿಸಿದ ಬಳಿಕ ಚೇತರಿಸಿಕೊಳ್ಳಲು 10 ಮಿಲಿಸೆಕೆಂಡುಗಳ ಅವಧಿಯನ್ನು ನಿಯಮಾವಳಿಯು ಹೇಳುತ್ತದೆ. ಸಾಧನವು 10 ಮಿಲಿಸೆಕೆಂಡುಗಳೊಳಗೆ ಸಿದ್ಧವಾಗಿರಲೇಬೇಕು ಎಂಬ ಭಾವನೆಯಿಂದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕ್ರಮವಿಧಿಯು ಬಹುಕಾಲ ನಡೆಯಿತು. ಗಣಕವು ಕೊಡಬೇಕಾದ ಅವಧಿ ಕನಿಷ್ಠ 10 ಮಿಲಿಸೆಕೆಂಡುಗಳೆಂದೂ, ಕೆಲವು ಸಾಧನಗಳಿಗೆ ಅದಕ್ಕೂ ಹೆಚ್ಚು ಕಾಲ ಬೇಕಾಗಬಹುದೆಂದೂ ಅದರ ಅಭಿವೃದ್ಧಿಕಾರರು 2013ರಲ್ಲಿ ಕಂಡುಕೊಂಡರು. ಅದುವರೆಗೆ ಎಚ್ಚರಗೊಂಡೊಡನೆ ಸಂಪರ್ಕ ಕಡಿದುಕೊಂಡ ಸಾಧನಗಳನ್ನು ಕಂಡು ಸಾಧನವೇ ಕಳಪೆಯೆಂದು ದೂರುವುದು ಸುಲಭವಾಗಿತ್ತು. ಕನಿಷ್ಠ, ಗರಿಷ್ಠ ಎಂಬ ಎರಡು ಶಬ್ದಗಳ ಅಂತರದಲ್ಲಿ ಎಷ್ಟೊಂದು ಯಂತ್ರಗಳ ಮರ್ಯಾದೆ ತೂಗುತ್ತಿತ್ತು ನೋಡಿರಿ!

ದುಭಾಷಿಯ ಧರ್ಮ

ಇಂಥ ಕೈಪಿಡಿಯೊಡನೆ ಕೆಲಸ ಮಾಡಬೇಕಾದವನು ಅನುಸರಿಸತಕ್ಕ ಮಾರ್ಗವೇನು? ಅನುಭವಸ್ಥರ ರೂಢಿಯನ್ನು ಕೆಲವೇ ಮಾತುಗಳಲ್ಲಿ ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಸಂದೇಹವನ್ನು ಸಂದೇಹವೆಂದೇ ಗುರುತಿಸಬೇಕು. ಕೈಪಿಡಿಯನ್ನು ಓದುವಾಗ "ಇದನ್ನು ಬೇರೆ ರೀತಿಯಲ್ಲಿ ಅರ್ಥಮಾಡಬಹುದೇ?" ಎಂದು ಪ್ರತಿ ವಾಕ್ಯಕ್ಕೂ ಕೇಳಿಕೊಂಡು ಪ್ರಶ್ನೆಗಳ ಪಟ್ಟಿಯನ್ನು ಮಾಡಬೇಕು. ತಯಾರಕನನ್ನು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ಎರಡನೆಯದಾಗಿ, ಸಾಧನವನ್ನೇ ಕೇಳಬೇಕು. ತೂಕ ತಿಳಿದ ಪ್ರಮಾಣದ ಕಲ್ಲುಗಳನ್ನು ಕಾಟಾದ ಮೇಲಿಟ್ಟು ತಂತಿಯಲ್ಲಿ ಏನು ಬರುತ್ತದೆಂದು ಬೈಟು ಬೈಟಾಗಿ ಬರೆದಿಟ್ಟುಕೊಳ್ಳಬೇಕು. ಪರೀಕ್ಷೆಗೆ ಆಯುವ ತೂಕವು ಬೇರೆ ಬೇರೆ ಅರ್ಥಗಳನ್ನು ಬೇರ್ಪಡಿಸುವಂತಿರಬೇಕು. ಸೊನ್ನೆಯನ್ನು ಹೇಗೆ ಓದಿದರೂ ಸೊನ್ನೆಯೇ. ಆದುದರಿಂದ ಅದು ದುರ್ಬಲ ಸಾಕ್ಷಿ. ಹತ್ತು ಅಂಕಿಗಳೂ ಒಂದಲ್ಲ ಒಂದು ಪರೀಕ್ಷೆಯಲ್ಲಿ ಬರುವಂತೆ ಹಲವು ತೂಕಗಳನ್ನು ಆರಿಸುವುದು ಒಳ್ಳೆಯದು. ಅಲುಗಾಡುವ ಭಾರ, ಮಿತಿಮೀರಿದ ಭಾರದ ಸೂಚನೆ, ಸೊನ್ನೆಗಿಂತ ಕಡಿಮೆಯ ತೂಕ, ಸಾಲಿನ ನಡುವೆ ತಂತಿಯನ್ನು ಕಿತ್ತ ಸ್ಥಿತಿ ಇವೆಲ್ಲವನ್ನೂ ಬೇಕೆಂದೇ ಉಂಟುಮಾಡಿ ನೋಡಬೇಕು. ವಿಜ್ಞಾನದ ಪ್ರಯೋಗಕ್ಕೂ ಇದಕ್ಕೂ ಭೇದವಿಲ್ಲ. ಎರಡು ಊಹೆಗಳಿದ್ದಾಗ, ಅವೆರಡೂ ಬೇರೆ ಬೇರೆ ಫಲವನ್ನು ಮುನ್ನುಡಿಯುವ ಪ್ರಯೋಗವೇ ಪ್ರಯೋಜನಕಾರಿ.

ಮೂರನೆಯದಾಗಿ, ಹಿಡಿದ ಅರ್ಥವನ್ನು ಕ್ರಮವಿಧಿಯಲ್ಲಿ ಒಂದೇ ಎಡೆಯಲ್ಲಿ ಬರೆದಿಡಬೇಕು. ಈ ಮಾದರಿಯ ಸೂಚಕದಲ್ಲಿ ದೊಡ್ಡ ಸ್ಥಾನದ ಬೈಟು ಮೊದಲು, ಮಾನ ಕಿಲೋಗ್ರಾಂ, ಸಮ ಪ್ಯಾರಿಟಿ. ಇದು ಇಂಥ ದಿನದ ಪರೀಕ್ಷೆಯಿಂದ ತಿಳಿದುದು ಎಂಬ ಟಿಪ್ಪಣಿಯೂ ಜೊತೆಗಿರಬೇಕು. ಲಿನಕ್ಸ್‌ನಲ್ಲಿ ನಿಯಮಕ್ಕೆ ಸರಿಯಾಗಿ ನಡೆಯದ ಸಾಧನಗಳಿಗಾಗಿ ಕ್ವರ್ಕ್ ಎಂಬ ಹೆಸರಿನ ಪಟ್ಟಿಗಳೇ ಇವೆ. ಯಾವ ಕಂಪನಿಯ ಯಾವ ಮಾದರಿಗೆ ಯಾವ ವಿಶೇಷ ಉಪಚಾರ ಎಂಬುದು ಅಲ್ಲಿ ನಮೂದಾಗಿರುತ್ತದೆ. ಊಹೆಯನ್ನು ಹತ್ತು ಕಡೆ ಚೆಲ್ಲಿದರೆ ನಾಳೆ ಸೂಚಕವನ್ನು ಬದಲಾಯಿಸಿದಾಗ ಒಂಬತ್ತನ್ನು ತಿದ್ದಿ ಹತ್ತನೆಯದನ್ನು ಮರೆಯುವುದು ಖಂಡಿತ.

ನಾಲ್ಕನೆಯದು ಔದಾರ್ಯದ ಮಿತಿಗೆ ಸಂಬಂಧಿಸಿದುದು. ಇಂಟರ್ನೆಟ್ಟಿನ ನಿರ್ಮಾಪಕರಲ್ಲಿ ಒಬ್ಬನಾದ ಜಾನ್ ಪೋಸ್ಟೆಲ್ 1980ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟನು. ಕಳುಹಿಸುವಾಗ ಕಟ್ಟುನಿಟ್ಟಾಗಿರಬೇಕು, ಸ್ವೀಕರಿಸುವಾಗ ಉದಾರವಾಗಿರಬೇಕು ಎಂಬುದು ಅದರ ಭಾವ. ಜಾಲವು ಬೆಳೆಯಲು ಅದು ನೆರವಾಯಿತು. ಆದರೆ ಎಲ್ಲರೂ ತಪ್ಪುಗಳನ್ನು ಸಹಿಸುತ್ತ ಹೋದರೆ ತಪ್ಪುಗಳೇ ರೂಢಿಯಾಗಿ ಬೇರೂರುತ್ತವೆಂಬ ಎಚ್ಚರಿಕೆಯನ್ನು ಇಂಟರ್ನೆಟ್ ಶಿಲ್ಪ ಮಂಡಲಿಯು 2023ರಲ್ಲಿ ಪ್ರಕಟಿಸಿದ ದಾಖಲೆಯೊಂದು ನೀಡಿತು. ಕಾಟಾದ ವಿಷಯದಲ್ಲಿ ಕಟ್ಟುನಿಟ್ಟೇ ಮೇಲು. ಚಿತ್ರದ ಒಂದು ಚುಕ್ಕೆ ತಪ್ಪಿದರೆ ಕಣ್ಣು ಕ್ಷಮಿಸುತ್ತದೆ. ತೂಕದ ಒಂದು ಅಂಕಿ ತಪ್ಪಿದರೆ ಚೀಟಿ ಕ್ಷಮಿಸುವುದಿಲ್ಲ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ಚಾಲಕ ಕ್ರಮವಿಧಿಗೆ "ನನಗೆ ತಿಳಿಯದು" ಎಂದು ಹೇಳುವ ಶಕ್ತಿಯಿರಬೇಕು. ತಂತಿ ಕಡಿದಾಗ ಸೊನ್ನೆಯನ್ನು ಕೊಡುವುದು ಸುಳ್ಳು. ಕೊನೆಗೆ ಬಂದ ಹಳೆಯ ಸಂಖ್ಯೆಯನ್ನೇ ಹಿಡಿದುಕೊಂಡಿರುವುದು ಇನ್ನೂ ಕೆಟ್ಟ ಸುಳ್ಳು. ಏಕೆಂದರೆ ಹಿಂದಿನ ಬಂಡಿಯ ತೂಕವು ಮುಂದಿನ ಬಂಡಿಯ ಚೀಟಿಯಲ್ಲಿ ಅಚ್ಚಾದೀತು. ಆದುದರಿಂದ ಪ್ರತಿ ತೂಕದೊಡನೆಯೂ ಅದು ಬಂದ ವೇಳೆಯನ್ನು ಇಟ್ಟುಕೊಳ್ಳಬೇಕು. ಗೊತ್ತಾದ ಅವಧಿಯಲ್ಲಿ ಹೊಸ ಸಾಲು ಬಾರದಿದ್ದರೆ, ಅಥವಾ ಅದು ಸ್ಥಿರವಾಗದಿದ್ದರೆ, ತೂಕವಿಲ್ಲವೆಂದು ಸ್ಪಷ್ಟವಾಗಿ ಸಾರಿ ಚೀಟಿಯನ್ನು ತಡೆಯಬೇಕು. ಸಾಲಿನಲ್ಲಿ ನಿಂತವರಿಗೆ ಐದು ನಿಮಿಷದ ಬೇಸರವಾದೀತು. ಆದರೆ ಯಾರಿಗೂ ತಪ್ಪು ಲೆಕ್ಕವಾಗದು.

ನೋಡುವ ಕಣ್ಣು

ನಮ್ಮ ದೇಶದಲ್ಲಿ ವ್ಯಾಪಾರದ ತೂಕದ ಯಂತ್ರಗಳನ್ನು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಪ್ರಕಾರ ಪರಿಶೀಲಿಸಿ ಮುದ್ರೆಯೊತ್ತುತ್ತಾರೆ. ಅಧಿಕಾರಿಗಳು ಪ್ರಮಾಣದ ತೂಕಗಳನ್ನಿಟ್ಟು ಕಾಟಾವನ್ನು ಒರೆಗೆ ಹಚ್ಚುತ್ತಾರೆ. ಆದರೆ ಕಾಟಾ ಸರಿಯಾಗಿದ್ದ ಮಾತ್ರಕ್ಕೆ ಚೀಟಿಯೂ ಸರಿಯಾಗಿರುವುದೆಂದು ಹೇಳಲು ನಡುವಣ ದುಭಾಷಿಯೂ ಸರಿಯಾಗಿರಬೇಕೆಂಬುದನ್ನು ನಾವು ಈವರೆಗೆ ಕಂಡೆವು. ಇದನ್ನು ಪರೀಕ್ಷಿಸಲು ಗಣಕವಿಜ್ಞಾನ ತಿಳಿದಿರಬೇಕಾದುದಿಲ್ಲ. ಸೂಚಕದ ಮೇಲೆ ಸ್ಥಿರವಾಗಿ ನಿಂತ ಸಂಖ್ಯೆಯೂ ಚೀಟಿಯ ಸಂಖ್ಯೆಯೂ ಒಂದೇ ಆಗಿದೆಯೇ ಎಂದು ನೋಡಿದರೆ ಸಾಕು. ತುಂಬಿದ ಬಂಡಿಗೂ ಖಾಲಿ ಬಂಡಿಗೂ ಎರಡು ಬಾರಿಯೂ ಹೀಗೆ ನೋಡಬೇಕು. ಕಬ್ಬಿನ ಬಂಡಿಯೊಡನೆ ಹೋಗುವ ವಿದ್ಯಾರ್ಥಿಯು ಒಂದು ಚಿಕ್ಕ ಪುಸ್ತಕದಲ್ಲಿ ಈ ನಾಲ್ಕು ಸಂಖ್ಯೆಗಳನ್ನು ಬರೆದುಕೊಂಡು ಬಂದರೆ ತಂದೆತಾಯಿಗಳಿಗೆ ಉಪಕಾರ ಮಾಡಿದಂತಾಗುತ್ತದೆ, ವಿಜ್ಞಾನದ ಒಂದು ಪಾಠವನ್ನು ಕಲಿತಂತೆಯೂ ಆಗುತ್ತದೆ.

ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಇಂಥ ಕ್ರಮವಿಧಿಗಳನ್ನು ಬರೆಯುವವರಾಗುವರು. ಕೆಲವರು ಕೈಪಿಡಿಗಳನ್ನೇ ಬರೆಯಬಹುದು. ಕೈಪಿಡಿ ಬರೆಯುವವರು ಒಂದು ಪೂರ್ಣ ಉದಾಹರಣೆಯನ್ನು ಕೊಟ್ಟರೆ ಎಷ್ಟೋ ತೊಂದರೆ ತಪ್ಪುತ್ತದೆ. ಕಾಟಾದ ಮೇಲೆ 24,860 ಕಿಲೋಗ್ರಾಂ ಇದ್ದಾಗ ತಂತಿಯಲ್ಲಿ ಬರುವ ಬೈಟುಗಳು ಕ್ರಮವಾಗಿ ಇವು ಎಂದು ಒಂದು ಸಾಲು ಬರೆದರೆ ಸಾಕು, ಪುಟಗಟ್ಟಲೆ ವಿವರಣೆಯ ಕೆಲಸವನ್ನು ಅದೊಂದೇ ಮಾಡುತ್ತದೆ. ಯಂತ್ರಗಳಿಗೆ ಲಜ್ಜೆಯಿಲ್ಲ, ಅರ್ಥವಾಗದಿದ್ದರೂ ಅವು ಉತ್ತರವನ್ನು ಕೊಟ್ಟೇಕೊಡುತ್ತವೆ. ಅರ್ಥವಾಗದಾಗ ತಡೆದು ನಿಲ್ಲುವ ವಿವೇಕವನ್ನು ಅವುಗಳಿಗೆ ಮನುಷ್ಯನೇ ಬರೆದುಕೊಡಬೇಕು.